ಟರ್ಬೋ ಇಲ್ಲದೆ ಎಂಟರ ಸೆಕೆಂಡಿಗೆ ಇಳಿದ ಬುಸಾ

ಎಂಜಿನ್ ಬಿಚ್ಚದೆ ಸುಜುಕಿ ಹಯಬುಸಾ ಬೈಕ್ ಡ್ರ್ಯಾಗ್ ರೇಸ್‌ನ ಕ್ವಾರ್ಟರ್ ಮೈಲಿಯನ್ನು (ಸುಮಾರು 400 ಮೀಟರ್) ಒಂಬತ್ತು ಸೆಕೆಂಡಿನೊಳಗೆ ಮುಗಿಸಲ್ಲ ಎಂದು ನನಗೆ ಹೇಳದವರೇ ಇಲ್ಲ. ಶಕ್ತಿ ಏರಿಸಲು ಟರ್ಬೋ ಹಾಕು, ಇಲ್ಲಾಂದ್ರೆ ನೈಟ್ರಸ್ ಗ್ಯಾಸ್ ಹಾಕು ಎಂದರು. ಎರಡೂ ಹಾಕಲಿಲ್ಲ. ಈಗ ನನ್ನ 1340 ಸಿಸಿ ಗಾಡಿ 8.8 ಸೆಕೆಂಡಿನ ಆಸುಪಾಸಿನಲ್ಲಿ ಓಡುತ್ತಿದೆ. ಪಿಸ್ಟನ್, ಕ್ಯಾಮ್, ಹೆಡ್ ಎಲ್ಲ ಕಂಪನಿಯದ್ದೇ. ಎಂಜಿನ್ ಕಡೆ ಫುಲ್ ಎಕ್ಸಾಸ್ಟ್ ಮತ್ತು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಟ್ಯೂನ್ ಮಾತ್ರ ಮಾಡಿಸಿದ್ದು. ಶಕ್ತಿ ಅಳೆಯುವ ಡೈನೋದಲ್ಲಿ ಹಿಂದಿನ ಚಕ್ರಕ್ಕೆ 190ರ ಹತ್ತಿರ ಎಚ್‌ಪಿ ಬಂತು.

ಆಟ ಇರುವುದು ಮೊದಲ 60 ಅಡಿಯಲ್ಲಿ. ನನ್ನ ಟೈಮ್ ಸ್ಲಿಪ್‌ಗಳ ಪ್ರಕಾರ, ಅಲ್ಲಿ ಒಂದು ಹತ್ತನೇ ಸೆಕೆಂಡು ಉಳಿಸಿದರೆ ಕೊನೆಯ ಗೆರೆಯಲ್ಲಿ ಅದರ ಒಂದೂವರೆಯಷ್ಟು ಸಿಗುತ್ತದೆ. ಆ 60 ಅಡಿಗೆ ನಾನು ಹೆಚ್ಚುಕಡಿಮೆ 1.7 ಸೆಕೆಂಡಿನಲ್ಲಿದ್ದೆ. ಈಗ 1.45.

ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಉದ್ದ ಇದ್ದಷ್ಟೂ ಒಳ್ಳೇದು ಅಂತಾರಲ್ವಾ, ಮೊದಲು ಕಂಪನಿಯದ್ದಕ್ಕಿಂತ 12 ಇಂಚು ಉದ್ದದ್ದೇ ಹಾಕಿದೆ. ವೀಲಿ, ಅಂದ್ರೆ ಮುಂದಿನ ಚಕ್ರ ಮೇಲೇಳುವುದು, ಪೂರ್ತಿ ನಿಂತಿತು. ಆದರೆ ಹಿಂದಕ್ಕೆ ತೂಕವೇ ಬೀಳುತ್ತಿಲ್ಲ, ಟೈರ್ ಸುಮ್ನೆ ತಿರುಗುತ್ತದೆ. ಅದನ್ನು ಅರ್ಧ ಬೆಲೆಗೆ ಮಾರಿ, ಆಕ್ಸಲ್ ಹಿಂದೆ ಮುಂದೆ ಸರಿಸಬಹುದಾದ ಇನ್ನೊಂದು ತಂದೆ. ಏಳು ಇಂಚಿನ ಹತ್ತಿರ ಬಂದಾಗ ಮುಂದಿನ ಚಕ್ರ ನೆಲಕ್ಕೆ ಸವರಿಕೊಂಡು ಹೋಗತೊಡಗಿತು. ಬೇಕಿದ್ದದ್ದು ಅದೇ. ಮುಂದಿನ ಫೋರ್ಕ್ ಅನ್ನು ಸ್ಟ್ರಾಪ್ ಬಿಗಿದು ತಗ್ಗಿಸಿದ್ದೇನೆ. ಹಿಂದೆ ಎಷ್ಟು ತಗ್ಗಿಸಿದ್ದೇನೆ, ಟೈರ್ ಗಾಳಿ ಎಷ್ಟು ಅನ್ನುವುದನ್ನು ಮಾತ್ರ ಹೇಳಲ್ಲ.

ದುಡ್ಡು ನುಂಗಿದ್ದು ಕ್ಲಚ್. ಗಟ್ಟಿ ಸ್ಪ್ರಿಂಗ್ ಹಾಕಿದರೆ ಲಿವರ್ ಹಿಡಿದು ಬೆರಳು ಸೋಲುತ್ತದೆ, ಹದವಾಗಿ ಬಿಡಲು ಆಗಲ್ಲ. ಮೆತ್ತನೆ ಸ್ಪ್ರಿಂಗ್ ಹಾಕಿದರೆ ಮೂರನೇ ಗೇರ್‌ನಲ್ಲಿ ಜಾರುತ್ತದೆ. ಬಿಚ್ಚಿದಾಗಲೆಲ್ಲ ಸ್ಟೀಲ್ ಪ್ಲೇಟ್‌ಗಳು ನೀಲಿಯಾಗಿ ಸೊಟ್ಟಗಾಗಿರುತ್ತಿದ್ದವು. ಪ್ಲೇಟ್‌ಗಳಿಗೆ ಸುರಿದ ದುಡ್ಡು ಎಕ್ಸಾಸ್ಟ್‌ಗಿಂತ ಜಾಸ್ತಿಯಾಯಿತು. ಕೊನೆಗೆ ಲಾಕ್‌ಅಪ್ ಕ್ಲಚ್ ಹಾಕಿದೆ. ಆರ್‌ಪಿಎಂ ಏರಿದಂತೆ ಅದರ ತೂಕಗಳು ಹೊರಕ್ಕೆ ಎಳೆದು ಪ್ಲೇಟ್‌ಗಳನ್ನು ಒತ್ತುತ್ತವೆ. ಹಾಗಾಗಿ ಮೆತ್ತನೆ ಸ್ಪ್ರಿಂಗ್‌ನಲ್ಲೇ ಲಾಂಚ್, ಮೇಲೆ ಹೋದಾಗ ಜಾರುವ ಮಾತೇ ಇಲ್ಲ. ತೂಕ ಎಷ್ಟು ಗ್ರಾಂ ಅನ್ನುವುದು ನನ್ನ ಹತ್ತಿರವೇ ಇರಲಿ. 6,000 ಆರ್‌ಪಿಎಂನಲ್ಲಿ ಕ್ಲಚ್ ಬಿಡುತ್ತೇನೆ.

ಸ್ಪ್ರಾಕೆಟ್ (ಚೈನ್ ಓಡುವ ಹಲ್ಲಿನ ಚಕ್ರ) ಕಂಪನಿ ಲೆಕ್ಕಕ್ಕಿಂತ ಮುಂದೆ ಒಂದು ಹಲ್ಲು ಕಡಿಮೆ, ಹಿಂದೆ ಎರಡು ಜಾಸ್ತಿ. ಐದನೇ ಗೇರ್ ಪೂರ್ತಿ ಎಳೆಯುವ ಹೊತ್ತಿಗೆ ಗೆರೆ ದಾಟುತ್ತದೆ, ಆರನೆಯದಕ್ಕೆ ಹೋಗಬೇಕಿಲ್ಲ.

ನಡುವೆ ಇದೇ ಗಾಡಿಯನ್ನು ಮುಚ್ಚಿದ ರನ್‌ವೇನಲ್ಲಿ ಟಾಪ್ ಸ್ಪೀಡ್‌ಗೂ ಓಡಿಸಿದೆ. ಮುಂದೆ ಕಂಪನಿ ಸ್ಪ್ರಾಕೆಟ್ ವಾಪಸ್ ಹಾಕಿ, ಹಿಂದೆ ಕಂಪನಿ ಲೆಕ್ಕಕ್ಕಿಂತ ಮೂರು ಹಲ್ಲು ಇಳಿಸಿದರೆ ಆರನೇ ಗೇರ್ ಎಳೆಯಲೇ ಇಲ್ಲ, ಐದರಲ್ಲೇ ಜಾಸ್ತಿ ಹೋಯಿತು. ಗಾಳಿಯ ತಡೆ ಅಷ್ಟಿದೆ. ಗಂಟೆಗೆ 300 ಕಿಲೋಮೀಟರ್‌ನಿಂದ 330ಕ್ಕೆ ಹೋಗಲು ಮೂರನೇ ಒಂದು ಭಾಗ ಹೆಚ್ಚು ಶಕ್ತಿ ಬೇಕು. ಕಂಪನಿ ಸ್ಪ್ರಾಕೆಟ್‌ಗೇ ಬಂದು, ಕನ್ನಡಿ ತೆಗೆದು, ಫೇರಿಂಗ್ ಸಂದುಗಳಿಗೆ ಟೇಪ್ ಹಚ್ಚಿ, ಮೊಣಕೈ ಒಳಗೆ ಸೇರಿಸಿ ಮಲಗಿದೆ. ಎಂಟು ಹತ್ತು ಕಿಲೋಮೀಟರ್ ಸ್ಪೀಡ್ ಪುಕ್ಕಟೆ ಸಿಕ್ಕಿತು.

ಈಗ ಕೆಲಸ ನಡೆದಿರುವುದು ಗಾಳಿಯ ಒತ್ತಡದಿಂದ ಗೇರ್ ಬದಲಿಸುವ ಏರ್ ಶಿಫ್ಟರ್ ಮೇಲೆ. ಸ್ವಿಂಗ್‌ಆರ್ಮ್ ಒಳಗೇ ಗಾಳಿ ತುಂಬುತ್ತೇನೆ, ಬೇರೆ ಬಾಟಲಿ ಬೇಡ. ಗೇರ್ ಬದಲಾಗುವಾಗ ಎಂಜಿನ್ ಕಡಿತವಾಗುವ ಹೊತ್ತು, ಅಂದ್ರೆ ಕಿಲ್ ಟೈಮ್, 60 ಮಿಲಿಸೆಕೆಂಡ್ ಇದೆ. 50ಕ್ಕೆ ಇಳಿಸಿದರೆ ಎರಡನೇ ಗೇರ್‌ನಿಂದ ಮೂರಕ್ಕೆ ಸರಿಯಾಗಿ ಕೂರುತ್ತಿಲ್ಲ. ಗಾಳಿಯ ಒತ್ತಡ ಸ್ವಲ್ಪ ಏರಿಸಿ ನೋಡಬೇಕು, ಗೇರ್ ಸರಿಸುವ ಶಿಫ್ಟ್ ಫೋರ್ಕ್ ಬಾಗದಷ್ಟು.