ಚಾರ್ಮಾಡಿಯಲ್ಲಿ ದೀಪ ಆರಿದ ಮೇಲೆ ನಾನೇ ಎಳೆದ ವೈರುಗಳು

ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕನ್ನು ನಾನು ಕೊಂಡದ್ದು 2019ರಲ್ಲಿ. ಗಾಡಿ ಮನೆಗೆ ಬಂದ ಮೊದಲ ತಿಂಗಳಲ್ಲೇ ಫಾಗ್ ಲೈಟ್, ಜೋಡಿ ಹಾರ್ನ್, ಮೊಬೈಲ್ ಚಾರ್ಜರ್, ಕ್ರ್ಯಾಶ್ ಗಾರ್ಡ್ ಎಲ್ಲವನ್ನೂ ಬೆಂಗಳೂರಿನ ಒಂದು ಅಂಗಡಿಯಲ್ಲಿ ಒಂದೇ ಮಧ್ಯಾಹ್ನ ಹಾಕಿಸಿಕೊಂಡೆ. ಸಾಮಾನೆಲ್ಲ ಒಳ್ಳೆಯದೇ ಆಗಿತ್ತು, ಅದರಲ್ಲಿ ನಾನು ಜಿಪುಣತನ ಮಾಡಿರಲಿಲ್ಲ. ಫಾಗ್ ಲೈಟಿಗೆ ರಿಲೇ (ಸಣ್ಣ ವಿದ್ಯುತ್ತಿನ ಅಪ್ಪಣೆಯಿಂದ ದೊಡ್ಡ ವಿದ್ಯುತ್ತನ್ನು ಹರಿಸಿ ತಡೆಯುವ ಪುಟ್ಟ ಸ್ವಿಚ್ಚು) ಹಾಕುವುದಿಲ್ಲವೇ ಎಂದು ಕೇಳಿದಾಗ ಅಲ್ಲಿನ ಹುಡುಗ, "ಎಲ್‌ಇಡಿ ಅಲ್ವಾ ಸರ್, ಅದಕ್ಕೆಲ್ಲ ರಿಲೇ ಯಾಕೆ, ಹೆಡ್‌ಲೈಟ್ ವೈರಿಂದಾನೇ ಎಳ್ದುಬಿಡ್ತೀನಿ" ಎಂದ. ದೀಪ ಹತ್ತಿತು, ಹಾರ್ನ್ ಕೂಗಿತು, ನಾನು ದುಡ್ಡು ಕೊಟ್ಟು ಹೊರಟೆ.

ಮರುವರ್ಷದ ಮಳೆಗಾಲದಲ್ಲಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯುವಾಗ ಸಂಜೆ ಆರೂವರೆ ಆಗಿತ್ತು. ಮಂಜು ರಸ್ತೆಗೇ ಬಂದು ಕುಳಿತಿತ್ತು. ಒಂದು ಎಡತಿರುವಿನಲ್ಲಿ ಹ್ಯಾಂಡಲನ್ನು ಪೂರ್ತಿ ತಿರುಗಿಸಿದ್ದೇ ತಡ, ಫಾಗ್ ಲೈಟೂ ಹೆಡ್‌ಲೈಟೂ ಒಟ್ಟಿಗೇ ಆರಿಹೋದವು. ಎಂಜಿನ್ ಮಾತ್ರ ಓಡುತ್ತಿತ್ತು. ಗಾಡಿಯನ್ನು ತಡೆಗೋಡೆಯ ಪಕ್ಕಕ್ಕೆ ತಳ್ಳಿ, ಮೊಬೈಲ್ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನೋಡಿದರೆ ಫ್ಯೂಸ್ ಹೋಗಿತ್ತು. ಹೊಸ ಫ್ಯೂಸ್ ಹಾಕಿ ಕೀ ತಿರುಗಿಸಿದ ಕ್ಷಣದಲ್ಲೇ ಅದೂ ಹೋಯಿತು. ನನ್ನ ಬಳಿ ಉಳಿದದ್ದು ಇನ್ನೊಂದೇ ಫ್ಯೂಸ್. ಹೆಡ್‌ಲೈಟಿನ ಹಿಂದೆ ಕೈ ಹಾಕಿ, ಅಂಗಡಿಯವನು ಸುತ್ತಿದ್ದ ಕಪ್ಪು ಟೇಪನ್ನು ಹಿಡಿದು ಎಳೆದು ಫಾಗ್ ಲೈಟಿನ ವೈರನ್ನು ಕಿತ್ತೆಸೆದ ಮೇಲೆ ಆ ಕೊನೆಯ ಫ್ಯೂಸ್ ನಿಂತಿತು, ಹೆಡ್‌ಲೈಟ್ ಬಂತು.

ಮರುದಿನ ಬಿಚ್ಚಿ ನೋಡಿದಾಗ ಕಾರಣ ಬೆರಳಿಗೇ ಸಿಕ್ಕಿತು. ಹ್ಯಾಂಡಲ್ ತಿರುಗುವ ಕುತ್ತಿಗೆಯ ಬಳಿ ವೈರನ್ನು ಬಿಗಿಯಾಗಿ ಎಳೆದು ಕಟ್ಟಲಾಗಿತ್ತು. ಪ್ರತಿ ತಿರುವಿನಲ್ಲೂ ಅದು ಚಾಸಿಗೆ ಉಜ್ಜಿ, ಮೇಲಿನ ಪ್ಲಾಸ್ಟಿಕ್ ಸವೆದು, ಕಡೆಗೆ ತಾಮ್ರವೇ ಲೋಹಕ್ಕೆ ತಾಗಿ ಶಾರ್ಟ್ ಆಗಿತ್ತು. ಉಜ್ಜಿದ್ದು ಒಂದು ತಪ್ಪಾದರೆ, ಅದಕ್ಕಿಂತ ದೊಡ್ಡ ತಪ್ಪು ಬೇರೆ ಇತ್ತು. ಫಾಗ್ ಲೈಟಿಗೆ ತನ್ನದೇ ಫ್ಯೂಸ್ ಇಲ್ಲದೆ ಹೆಡ್‌ಲೈಟಿನ ಹಾದಿಯಿಂದಲೇ ವಿದ್ಯುತ್ ಕದ್ದದ್ದರಿಂದ, ಮೇಲೆ ಜೋಡಿಸಿದ ಒಂದು ದೀಪದ ದೋಷವು ಗಾಡಿಯ ಮೂಲ ದೀಪವನ್ನೂ ತನ್ನೊಂದಿಗೆ ಎಳೆದುಕೊಂಡು ಹೋಗಿತ್ತು.

ಮೂಡಿಗೆರೆಯಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ನನ್ನ ಸೋದರಮಾವನ ಶೆಡ್ಡಿನಲ್ಲಿ ಎರಡು ದಿನ ಕುಳಿತು ಎಲ್ಲವನ್ನೂ ಮೊದಲಿನಿಂದ ಎಳೆದೆವು. ಮಾವ ಮೊದಲು ಕೈಗೆ ಕೊಟ್ಟದ್ದು ಸ್ಪ್ಯಾನರ್ ಅಲ್ಲ, ಪೆನ್ಸಿಲ್. ಈ ಗಾಡಿಯಲ್ಲಿ ವಿದ್ಯುತ್ ಹುಟ್ಟಿಸುವ ಆಲ್ಟರ್ನೇಟರ್ ಹೆಚ್ಚೆಂದರೆ 220 ವ್ಯಾಟ್ ಕೊಡುತ್ತದೆ, ಅದೂ ಎಂಜಿನ್ ಚೆನ್ನಾಗಿ ತಿರುಗುವಾಗ ಮಾತ್ರ. ಸಿಗ್ನಲ್ಲಿನಲ್ಲಿ ನಿಂತಾಗ ಅಷ್ಟು ಬರುವುದಿಲ್ಲ. ಅದರಲ್ಲಿ ಹೆಡ್‌ಲೈಟಿಗೆ 55ರಿಂದ 60 ವ್ಯಾಟ್ ಹೋಗುತ್ತದೆ. ಪೆಟ್ರೋಲ್ ಪಂಪ್, ಇಂಧನ ಸಿಂಪಡಿಸುವ ವ್ಯವಸ್ಥೆ, ಇಗ್ನಿಷನ್, ಹಿಂದಿನ ದೀಪ, ಮೀಟರ್ ಇವೆಲ್ಲವೂ ತಮ್ಮ ಪಾಲು ಕೇಳುತ್ತವೆ, ಬ್ಯಾಟರಿಯೂ ತುಂಬಬೇಕು. ಉಳಿಯುವುದು ಕೈಬಿಚ್ಚಿ ಖರ್ಚು ಮಾಡುವಷ್ಟಲ್ಲ. ನನ್ನ ಎರಡು ಫಾಗ್ ಲೈಟ್ 20 ವ್ಯಾಟಿನವು, ಸೇರಿ 40 ವ್ಯಾಟ್, ಅಂದರೆ ಸುಮಾರು 3 ಆಂಪಿಯರ್. ಚಾರ್ಜರಿಗೆ ಒಂದೂವರೆ ಆಂಪಿಯರ್ ಹಿಡಿದೆವು. ಜೋಡಿ ಹಾರ್ನ್ 10 ಆಂಪಿಯರ್ ಎಳೆದರೂ ಅದು ಕ್ಷಣಮಾತ್ರದ ಖರ್ಚು. ಆಸೆಪಟ್ಟು ತಂದಿಟ್ಟಿದ್ದ ಇನ್ನೊಂದು ಜೊತೆ 60 ವ್ಯಾಟಿನ ದೀಪಗಳನ್ನು ಈ ಲೆಕ್ಕ ನೋಡಿದ ಮೇಲೆ ಮಾರಿಬಿಟ್ಟೆ.

ಹೊಸ ಜೋಡಣೆಯಲ್ಲಿ ಮೇಲುಜೋಡಣೆಯ ಸಾಧನಗಳಿಗೆ ಹೋಗುವ ವಿದ್ಯುತ್ತು ನೇರ ಬ್ಯಾಟರಿಯಿಂದ ಬರುತ್ತದೆ. ಗಾಡಿಯ ಮೂಲ ವೈರುಗಳಿಂದ ಪಡೆಯುವುದು ಅಪ್ಪಣೆಯನ್ನು ಮಾತ್ರ. ರಿಲೇಯ ಕೆಲಸವೇ ಇದು. ಅದರ ಮೈಮೇಲೆ ಅಚ್ಚಾಗಿರುವ ಅಂಕಿಗಳನ್ನು ಒಮ್ಮೆ ತಿಳಿದುಕೊಂಡರೆ ಮತ್ತೆ ಯಾರನ್ನೂ ಕೇಳಬೇಕಿಲ್ಲ. 30ಕ್ಕೆ ಬ್ಯಾಟರಿಯ ಪಾಸಿಟಿವ್ ಫ್ಯೂಸ್ ಮೂಲಕ ಬರಬೇಕು, 87ರಿಂದ ದೀಪಕ್ಕೆ ಹೋಗಬೇಕು, 85 ನೆಗೆಟಿವ್‌ಗೆ, 86ಕ್ಕೆ ಸ್ವಿಚ್ಚಿನ ವೈರು. ಸ್ವಿಚ್ಚಿನ ವೈರನ್ನು ನಾವು ಪಾರ್ಕಿಂಗ್ ಲೈಟಿನಿಂದ ತೆಗೆದೆವು. ರಿಲೇಯ ಸುರುಳಿ ಎಳೆಯುವುದು ಆಂಪಿಯರಿನ ಏಳೆಂಟನೇ ಒಂದು ಭಾಗ ಮಾತ್ರವಾದ್ದರಿಂದ ಮೂಲ ವೈರಿಗೆ ಅದು ಭಾರವೇ ಅಲ್ಲ, ಮತ್ತು ಕೀ ತೆಗೆದರೆ ಫಾಗ್ ಲೈಟ್ ತಾನಾಗಿ ಆರುತ್ತದೆ. ಚಾರ್ಜರಿಗೂ ಹೀಗೇ ಮಾಡಿದೆವು, ಏಕೆಂದರೆ ಬ್ಯಾಟರಿಗೆ ನೇರ ಕಟ್ಟಿದ ಚಾರ್ಜರ್ ಗಾಡಿ ನಿಂತಿರುವಾಗಲೂ ಚೂರುಚೂರೇ ಕುಡಿಯುತ್ತ, ಹತ್ತು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ಸೆಲ್ಫ್ ಎತ್ತದಂತೆ ಮಾಡಿಡುತ್ತದೆ.

ದೀಪಕ್ಕೆ ಏಳೂವರೆ, ಹಾರ್ನಿಗೆ 15, ಚಾರ್ಜರಿಗೆ 5 ಆಂಪಿಯರಿನ ಫ್ಯೂಸ್. ಫ್ಯೂಸ್ ಕಾಯುವುದು ದೀಪವನ್ನಲ್ಲ, ವೈರನ್ನು. ಆದ್ದರಿಂದ ಅದು ಬ್ಯಾಟರಿಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು. ದೀಪದ ಬುಡದಲ್ಲಿ ಫ್ಯೂಸ್ ಹಾಕಿದರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ಒಂದೂವರೆ ಮೀಟರ್ ವೈರಿಗೆ ದಿಕ್ಕಿಲ್ಲ.

ಜೋಡಣೆಗಳನ್ನು ಬೆಸುಗೆ ಹಾಕೋಣ ಎಂದು ನಾನು ಸೋಲ್ಡರಿಂಗ್ ಕಡ್ಡಿ ಹಿಡಿದಿದ್ದೆ. ಮಾವ ಬೇಡವೆಂದರು. ಬೆಸುಗೆ ಹರಿದಷ್ಟು ದೂರ ವೈರು ಕಡ್ಡಿಯಂತೆ ಬಿಗಿಯಾಗುತ್ತದೆ, ಆ ಬಿಗಿ ಮುಗಿದು ಮೃದು ಶುರುವಾಗುವ ಕಡೆಯೇ ಎಂಜಿನ್ನಿನ ನಡುಕಕ್ಕೆ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಅವರು ವೈರಿನ ತುದಿಯನ್ನು ಆರು ಮಿಲಿಮೀಟರಿನಷ್ಟು ಸುಲಿದು, ಎಳೆಗಳನ್ನು ಬೆರಳಲ್ಲಿ ಒಮ್ಮೆ ಮಾತ್ರ ತಿರುಚಿ, ಟರ್ಮಿನಲ್ ಎಂಬ ಲೋಹದ ತುದಿಗೆ ತೂರಿಸಿ, ಕ್ರಿಂಪಿಂಗ್ ಇಕ್ಕಳದಲ್ಲಿ ಎರಡು ಸಲ ಒತ್ತಿದರು. ಒಂದು ಒತ್ತು ತಾಮ್ರದ ಮೇಲೆ, ಇನ್ನೊಂದು ಪ್ಲಾಸ್ಟಿಕ್ಕಿನ ಮೇಲೆ. ಆಮೇಲೆ ಟರ್ಮಿನಲ್ಲನ್ನು ವೈಸಿಗೆ ಕಚ್ಚಿಸಿ, ವೈರನ್ನು ನನ್ನ ಕೈಗೆ ಕೊಟ್ಟು, "ಜೋರಾಗಿ ಎಳಿ. ಎಳೆದ್ರೆ ಬರೋದು ಕ್ರಿಂಪೇ ಅಲ್ಲ ಮಾರಾಯ" ಎಂದರು. ನಾನು ಒತ್ತಿದ ಮೊದಲ ಮೂರರಲ್ಲಿ ಎರಡು ಕಳಚಿ ಬಂದವು. ಕ್ರಿಂಪಿನ ಮೇಲೆ ಬಿಸಿಗೆ ಕುಗ್ಗುವ, ಒಳಮೈಗೆ ಅಂಟು ಸವರಿದ ಹೀಟ್ ಶ್ರಿಂಕ್ ಕೊಳವೆ ಏರಿಸಿ ಬಿಸಿ ಮಾಡಿದರೆ ಅಂಟು ಎರಡೂ ತುದಿಯಿಂದ ಸ್ವಲ್ಪ ಹೊರಗೆ ಇಣುಕುತ್ತದೆ. ಹಾಗೆ ಇಣುಕಿದರೆ ಮಾತ್ರ ನೀರು ಒಳಗೆ ಹೋಗುವುದಿಲ್ಲ. ಸಾಧಾರಣ ಪಿವಿಸಿ ಟೇಪನ್ನು ನಾನು ಈಗ ಎಂಜಿನ್ನಿನ ಹತ್ತಿರ ಸುಳಿಯಗೊಡುವುದಿಲ್ಲ, ಒಂದೇ ಬೇಸಿಗೆಗೆ ಅದರ ಅಂಟು ಕರಗಿ ಬೆಲ್ಲದ ಪಾಕವಾಗುತ್ತದೆ.

ಕುತ್ತಿಗೆಯ ಬಳಿ ವೈರನ್ನು ಮೂಲ ವೈರಿಂಗಿನ ಜೊತೆಜೊತೆಗೇ ಸಡಿಲವಾಗಿ ಒಂದು ಬಳಸು ಬಿಟ್ಟು ಕಟ್ಟಿ, ಹ್ಯಾಂಡಲನ್ನು ಆ ತುದಿಯಿಂದ ಈ ತುದಿಗೆ ಹತ್ತು ಸಲ ತಿರುಗಿಸಿ, ಎಲ್ಲಿಯೂ ಬಿಗಿಯುವುದಿಲ್ಲ, ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲ ಎಂದು ನೋಡಿದೆವು. ದೀಪದ ನೆಗೆಟಿವನ್ನೂ ಪೇಂಟು ಬಳಿದ ಚಾಸಿಗೆ ಕಟ್ಟದೆ ಬ್ಯಾಟರಿಯವರೆಗೆ ತಂದೆವು. ಎಂಜಿನ್ ಓಡುವಾಗ ಮಲ್ಟಿಮೀಟರ್ ಬ್ಯಾಟರಿಯಲ್ಲಿ 13.8 ವೋಲ್ಟ್, ದೀಪದ ಬುಡದಲ್ಲಿ 13.6 ತೋರಿಸಿತು, ಅಂದರೆ ಹಾದಿಯಲ್ಲಿ ಕಳೆದುಹೋದದ್ದು ಬರೀ 0.2.

ಫಾಗ್ ಲೈಟಿನ ಮುಖ ಎತ್ತ ಇರಬೇಕು ಎಂಬುದೂ ಜೋಡಣೆಯ ಭಾಗವೇ. ಅದನ್ನು ಕ್ರ್ಯಾಶ್ ಗಾರ್ಡಿನ ಕೆಳಭಾಗಕ್ಕೆ ಹಾಕಿ, ಗೋಡೆಯ ಮುಂದೆ ಗಾಡಿಯ ಮೇಲೆ ಕುಳಿತು, ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ ಕೆಳಗೇ ಬೀಳುವಂತೆ ಬಾಗಿಸಿದ್ದೇನೆ. ಮಂಜಿನಲ್ಲಿ ಮೇಲಕ್ಕೆ ಹೋದ ಬೆಳಕು ನೀರಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ಹಿಂದಿರುಗುತ್ತದೆ. ಮಂಜಿಲ್ಲದಾಗ ಎದುರಿನವರ ಕಣ್ಣು ಕುಕ್ಕುತ್ತದೆ. 2024ರ ಜುಲೈನಿಂದ ಕರ್ನಾಟಕದ ಪೊಲೀಸರು ಕಣ್ಣು ಕೋರೈಸುವ ದೀಪಗಳ ಮೇಲೆ ವಿಶೇಷವಾಗಿ ಪ್ರಕರಣ ಹಾಕತೊಡಗಿದಾಗ ನನಗೆ ಬೇಸರವಾಗಲಿಲ್ಲ.

ಕಾನೂನಿನ ಮಾತು ಬಂದದ್ದರಿಂದ ಇಲ್ಲಿಯೇ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು, ಅದೇ ವರ್ಷದ ತಿದ್ದುಪಡಿಯಲ್ಲಿ ಅಕ್ರಮ ಮಾರ್ಪಾಡು ಒಂದಕ್ಕೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸಜೆ, ಇಲ್ಲವೇ ಎರಡೂ ಎಂದಾಯಿತು. ಬಿಚ್ಚಿದರೆ ಗಾಡಿ ಮೊದಲಿನಂತಾಗುವ ಸಾಮಾನುಗಳನ್ನು ಮಾತ್ರ ನಾನು ಹಾಕುತ್ತೇನೆ, ಸೈಲೆನ್ಸರಿಗೆ ಕೈ ಹಚ್ಚುವುದಿಲ್ಲ. ಕಾನೂನಿರಲಿ, ಇಡೀ ದಿನ ಆ ಸದ್ದಿನ ಮೇಲೆ ಕುಳಿತು ಹೋಗುವುದು ಯಾವ ಸುಖ ಎಂಬುದೇ ನನಗೆ ತಿಳಿಯದು.

ಹ್ಯಾಂಡಲ್ ಎತ್ತರಿಸುವ ರೈಸರ್ ಹಾಕಿದಾಗ ಬೆನ್ನುನೋವು ಕಡಿಮೆಯಾಯಿತು, ಆದರೆ ಹ್ಯಾಂಡಲನ್ನು ಪೂರ್ತಿ ಬಲಕ್ಕೆ ತಿರುಗಿಸಿದರೆ ನಿಂತ ಗಾಡಿಯ ಎಂಜಿನ್ ತಾನಾಗಿಯೇ ಏರತೊಡಗಿತು. ಒಂದಿಂಚು ಮೇಲೆ ಹೋದ ಹ್ಯಾಂಡಲ್ ಆಕ್ಸಿಲರೇಟರ್ ಕೇಬಲನ್ನು ಎಳೆಯುತ್ತಿತ್ತು. ಇಕ್ಕಟ್ಟಿನಲ್ಲಿ ಯೂ ತಿರುವು ತೆಗೆಯುವಾಗ ಹೀಗಾಗಿದ್ದರೆ ನೆಲ ಹಿಡಿಯುವುದು ಖಂಡಿತವಾಗಿತ್ತು. ಕೇಬಲಿನ ಹಾದಿ ಬದಲಿಸಿ ಸಡಿಲ ಹೊಂದಿಸಿದೆ, ಮುಂದಿನ ಬ್ರೇಕಿನ ಹೋಸ್ ಎಳೆಯುತ್ತಿಲ್ಲವೆಂದೂ ನೋಡಿಕೊಂಡೆ. ಎತ್ತರದ ಗಾಳಿಗಾಜನ್ನು ಹಾಕಿ ತೆಗೆದೆ. ಅದು ಎದೆಗೆ ಬರುವ ಗಾಳಿಯನ್ನು ತಪ್ಪಿಸಿ ಹೆಲ್ಮೆಟ್ಟಿಗೆ ತಂದು ಬಡಿಯುತ್ತಿತ್ತು. ಮೊಬೈಲ್ ಹಿಡಿಕೆ ಇದೆ, ಅದರಲ್ಲಿ ಹಳೆಯ ಫೋನು ಕೂರುತ್ತದೆ: ಬೈಕಿನ ನಡುಕ ಫೋನಿನ ಕ್ಯಾಮೆರಾವನ್ನು ಕೆಡಿಸಬಹುದೆಂದು 2021ರಲ್ಲಿ ಆ್ಯಪಲ್ ಕಂಪನಿಯೇ ಹೇಳಿದೆ.

ಭಾರದ ಪಾಠ ಕಲಿತದ್ದು 2022ರ ಸೆಪ್ಟೆಂಬರಿನಲ್ಲಿ, ಮನಾಲಿಯಿಂದ ಲೇಹ್‌ಗೆ ಹೋಗುವಾಗ. ಮುಂದಿನ ಪೆಟ್ರೋಲ್ ಬಂಕ್ 365 ಕಿಲೋಮೀಟರ್ ದೂರ ಎಂಬ ಪ್ರಸಿದ್ಧ ಫಲಕವಿರುವ ತಾಂದಿಯಲ್ಲಿ ಟ್ಯಾಂಕ್ ತುಂಬಿಸುತ್ತಿದ್ದಾಗ, ಚೀಲ ಹೊರುವ ಎಡಗಡೆಯ ಚೌಕಟ್ಟು, ಅಂದರೆ ಸ್ಟೇ, ಬೆಸುಗೆಯ ಅಂಚಿನಲ್ಲಿ ಬಿರುಕು ಬಿಟ್ಟಿರುವುದು ಕಂಡಿತು. ಅದನ್ನು ನಾನೇ ಟೊಳ್ಳು ಪೈಪಿನಲ್ಲಿ ಮಾಡಿಸಿದ್ದೆ, ಎಡಬಲ ಎರಡನ್ನೂ ಹಿಂದಿನಿಂದ ಕೂಡಿಸುವ ಅಡ್ಡಪಟ್ಟಿ ಇರಲಿಲ್ಲ. ಅಡ್ಡಪಟ್ಟಿ ಇಲ್ಲದ ಸ್ಟೇ ಪ್ರತಿ ಗುಂಡಿಯಲ್ಲೂ ಒಳಕ್ಕೆ ಹೊರಕ್ಕೆ ಬಾಗುತ್ತದೆ, ತಂತಿಯನ್ನು ಬಗ್ಗಿಸಿ ಬಗ್ಗಿಸಿ ಮುರಿಯುವಂತೆ ಅದೂ ಮುರಿಯುತ್ತದೆ. ಕೀಲಾಂಗಿನಲ್ಲಿ ಒಬ್ಬ ವೆಲ್ಡರ್ ಸಿಕ್ಕಿದರು. ಗಾಡಿಯ ಮೇಲೇ ಹೊಡೆದುಬಿಡುತ್ತೇನೆ ಎಂದವರನ್ನು ತಡೆದು, ಸ್ಟೇಯನ್ನು ಬಿಚ್ಚಿ ಕೊಟ್ಟೆ. ಬಿಚ್ಚಲಾಗದಿದ್ದರೆ ಕನಿಷ್ಠ ಬ್ಯಾಟರಿಯ ನೆಗೆಟಿವನ್ನೂ ಎಂಜಿನ್ನನ್ನು ನಡೆಸುವ ಕಂಪ್ಯೂಟರಾದ ಇಸಿಯುವಿನ ಪ್ಲಗ್ಗನ್ನೂ ತೆಗೆಯಬೇಕು. ವೆಲ್ಡಿಂಗಿನ ವಿದ್ಯುತ್ತು ಹಾದಿ ತಪ್ಪಿ ಅತ್ತ ಹರಿದರೆ ಗಾಡಿ ಅಲ್ಲಿಯೇ ಉಳಿಯುತ್ತದೆ. ಆತ ಬೆಸುಗೆಯ ಮೇಲೊಂದು ತಗಡಿನ ತೇಪೆ ಇಟ್ಟು, ಎರಡೂ ಬದಿಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ಕೊಟ್ಟರು. ಇಂದಿಗೂ ಅದೇ ಇದೆ, ಬಣ್ಣ ಮಾತ್ರ ಹೊಂದಿಕೆಯಾಗಿಲ್ಲ.

ಆ ರಾತ್ರಿ ಚೀಲಗಳನ್ನು ಕೊಕ್ಕೆತಕ್ಕಡಿಗೆ ನೇತುಹಾಕಿದಾಗ ಎಡಗಡೆ 13 ಕಿಲೋ, ಬಲಗಡೆ 8 ಬಂತು. ಹಿಂದಿನ ಪೆಟ್ಟಿಗೆಯಲ್ಲಿ ಹತಾರ, ಚೈನ್ ಎಣ್ಣೆ, ಬಿಡಿ ಟ್ಯೂಬು ಎಲ್ಲ ಸೇರಿ 9 ಕಿಲೋ. ಹಿಂದಿನ ಚಕ್ರದ ಅಚ್ಚಿಗಿಂತ ಹಿಂದೆ, ಅಷ್ಟು ಮೇಲೆ ಇಟ್ಟ ಭಾರ ಸನ್ನೆಗೋಲಿನಂತೆ ಮುಂಗಾಲಿಯನ್ನು ಹಗುರ ಮಾಡುತ್ತದೆ. ಎಂಬತ್ತರ ವೇಗ ದಾಟಿದರೆ ಹ್ಯಾಂಡಲ್ ಕೈಯಲ್ಲಿ ನಡುಗುತ್ತಿದ್ದುದಕ್ಕೆ ನಾನು ಅಷ್ಟು ದಿನವೂ ಟಯರನ್ನು ಬೈಯುತ್ತಿದ್ದೆ. ಹತಾರವನ್ನು ಬಲಚೀಲದ ತಳಕ್ಕೆ ಇಳಿಸಿ, ಟ್ಯೂಬನ್ನು ಮುಂದೆ ಟ್ಯಾಂಕಿನ ಪಕ್ಕದ ಸ್ಟೇಗೆ ಕಟ್ಟಿ, ಪೆಟ್ಟಿಗೆಯಲ್ಲಿ ಮಳೆಯಂಗಿಯನ್ನಷ್ಟೇ ಉಳಿಸಿ, ಹಿಂದಿನ ಶಾಕಿನ ಪ್ರಿಲೋಡನ್ನು, ಅಂದರೆ ಸ್ಪ್ರಿಂಗಿನ ಬಿಗಿತವನ್ನು, ಎರಡು ಹಲ್ಲು ಏರಿಸಿದ ಮೇಲೆ ನಡುಕ ನಿಂತಿತು.

ಬೋಲ್ಟುಗಳ ವಿಷಯ ಚಿಕ್ಕದು. ನೀಲಿ ಲಾಕ್‌ಟೈಟ್ ಎಂಬ ಬೋಲ್ಟು ಹಿಡಿಯುವ ಅಂಟಿನ ಒಂದು ಹನಿ, ಎಷ್ಟು ಬಿಗಿದೆವೆಂದು ಅಳೆಯುವ ಟಾರ್ಕ್ ರೆಂಚಿನಲ್ಲಿ ಬಿಗಿತ, ಮೊದಲ 200 ಕಿಲೋಮೀಟರ್ ಆದಮೇಲೆ ಮತ್ತೊಮ್ಮೆ ಪರೀಕ್ಷೆ. ಬಿಗಿದ ಬೋಲ್ಟಿನ ತಲೆಯಿಂದ ಲೋಹದವರೆಗೆ ಬಿಳಿ ಪೇಂಟಿನ ಒಂದು ಗೆರೆ ಎಳೆದಿಟ್ಟಿದ್ದೇನೆ. ಗೆರೆ ಮುರಿದಿದ್ದರೆ ಬೋಲ್ಟು ತಿರುಗಿದೆ ಎಂದರ್ಥ. ಚಹಾ ಬರುವಷ್ಟರಲ್ಲಿ ಗಾಡಿಯ ಸುತ್ತ ಒಂದು ಸುತ್ತು ಹಾಕಿದರೆ ಎಲ್ಲ ಗೆರೆಗಳನ್ನೂ ನೋಡಿ ಮುಗಿಯುತ್ತದೆ.

ಮಾವ ಪೆನ್ಸಿಲಿನಲ್ಲಿ ಬರೆದ ವೈರಿಂಗ್ ನಕ್ಷೆಯನ್ನು ಲ್ಯಾಮಿನೇಟ್ ಮಾಡಿಸಿ ಸೀಟಿನ ಕೆಳಗೆ ಇಟ್ಟಿದ್ದೇನೆ. ಯಾವ ಬಣ್ಣದ ವೈರು ಎಲ್ಲಿಂದ ಎಲ್ಲಿಗೆ, ಯಾವ ಫ್ಯೂಸ್ ಯಾವುದಕ್ಕೆ ಎಂಬುದೆಲ್ಲ ಅದರಲ್ಲಿದೆ. ಹಿಂಬದಿಗೆ ಆರು ಬಿಡಿ ಫ್ಯೂಸ್‌ಗಳನ್ನು ಟೇಪಿನಲ್ಲಿ ಅಂಟಿಸಿದ್ದೇನೆ, ಪ್ರತಿ ಅಳತೆಯವೂ ಎರಡೆರಡು.