ಟೋಪಿಯ ಮೇಲೆ ಕೊಡಲಿ: ಹಳೆ ಸೇನಾ ಬ್ಯಾಡ್ಜ್ ಗುರುತಿಸುವುದು ಹೇಗೆ?

ಮೊದಲೇ ಹೇಳಿಬಿಡುತ್ತೇನೆ, ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ದೇವರ ದೀಪ ಬೆಳಗಿದ ಹಾಗೆ ಬೆಳಗಿ, ನೂರು ವರ್ಷ ಕೂತಿದ್ದ ಕಂದು ಬಣ್ಣವನ್ನು ಐದೇ ನಿಮಿಷದಲ್ಲಿ ಕಳೆದವನು ನಾನು. ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು.

ಈಗ ಚಿತ್ರ ನೋಡಿ. ಅಡ್ಡಡ್ಡ ಇಟ್ಟ ಎರಡು ಕೊಡಲಿ, ಮೇಪಲ್ ಎಲೆ, ಬೀವರ್ ಪ್ರಾಣಿ ಕಂಡರೆ ಅದು ಕೆನಡಾದ ಫಾರೆಸ್ಟ್ರಿ ಕೋರ್‌ನದು, ಅಂದರೆ ಮರ ಕಡಿಯುವ ಸೇನಾ ದಳದ್ದು ಇರಬಹುದು. ಸೈನ್ಯಕ್ಕೆ ಕೊಡಲಿ ಯಾಕೆ ಅಂತೀರಾ? ಮೊದಲ ಮಹಾಯುದ್ಧದಲ್ಲಿ ಕಂದಕದ ಗೋಡೆಗೆ, ಕೆಸರಿನ ಮೇಲೆ ಹಾಸುವ ಹಲಗೆಗೆ, ರೈಲಿನ ಸ್ಲೀಪರ್‌ಗೆ, ಎಲ್ಲಕ್ಕೂ ಮರ ಬೇಕಿತ್ತು. ಕೆನಡಾದಿಂದ ತರಿಸೋಣ ಅಂದರೆ ಹಡಗಿನಲ್ಲಿ ಜಾಗ ಇಲ್ಲ, ಜರ್ಮನ್ ಸಬ್‌ಮರೀನ್‌ಗಳ ಕಾಟ ಬೇರೆ. ಸರಿ, ಮರ ಬೇಡ, ಮರ ಕಡಿಯುವವರನ್ನೇ ಕಳಿಸಿ ಎಂದು ಬ್ರಿಟನ್ 1916ರಲ್ಲಿ ಕೇಳಿತು. ಬಂದವರು ಇಂಗ್ಲೆಂಡ್, ಸ್ಕಾಟ್ಲೆಂಡ್‌ನಲ್ಲಿ, ಫ್ರಾನ್ಸಿನ ಜೂರಾ ಬೆಟ್ಟಗಳಲ್ಲಿ ಮರ ಕಡಿದು, ಅಲ್ಲೇ ಕೊಯ್ದು ಕೊಟ್ಟರು. ಬ್ಯಾಡ್ಜ್ ಮೇಲೆ 224, 238 ಅಥವಾ 242 ಎಂಬ ಸಂಖ್ಯೆ ಇದ್ದರೆ ಇನ್ನೂ ಖುಷಿ, ಅವು ಈ ಕೆಲಸಕ್ಕೆಂದೇ ಕಟ್ಟಿದ ಬೆಟಾಲಿಯನ್‌ಗಳು.

ಆಮೇಲೆ ಬ್ಯಾಡ್ಜ್ ಮೇಲಿನ ಕಿರೀಟ. ನಕಲಿ ಜಾಸ್ತಿ ಸಿಕ್ಕಿಬೀಳುವುದು ಇಲ್ಲೇ. ಕಿರೀಟದ ಕಮಾನು ಗುಮ್ಮಟದ ಹಾಗೆ ದುಂಡಗೆ ಏರಿದ್ದರೆ ಅದು ಬ್ರಿಟಿಷ್ ರಾಜರ ಕಾಲದ್ದು. ನಡುವೆ ತಗ್ಗಿದ್ದರೆ ಎಲಿಜಬೆತ್ ರಾಣಿ ಕಾಲದ್ದು, ಅಂದರೆ 1952ರ ನಂತರದ್ದು. ಎರಡನೇ ಮಹಾಯುದ್ಧಕ್ಕೆ ಮತ್ತೆ ಕಟ್ಟಿದ ಫಾರೆಸ್ಟ್ರಿ ಕೋರ್ ಅಷ್ಟರಲ್ಲಿ ಮುಚ್ಚಿ ವರ್ಷಗಳೇ ಆಗಿದ್ದವು. ಮಾರುವವರು ಎಷ್ಟೇ ಕಥೆ ಹೇಳಲಿ, ತಗ್ಗು ಕಂಡರೆ ಸುಮ್ನೆ ವಾಪಸ್ ಕೊಡಿ.

ತಿರುಗಿಸಿ. ಅಚ್ಚೊತ್ತಿದ ಬ್ಯಾಡ್ಜ್ ಆದರೆ ಮುಂದಿನ ಉಬ್ಬು ಹಿಂದೆ ಗುಳಿಯಾಗಿ ಕಾಣುತ್ತದೆ. ಎರಕ ಹೊಯ್ದ ನಕಲಿಯ ಬೆನ್ನು ಸಪಾಟಾಗಿ, ದೋಸೆ ಮೇಲಿನ ತೂತುಗಳ ಹಾಗೆ ಸಣ್ಣ ಸಣ್ಣ ಚುಕ್ಕಿಗಳಿಂದ ತುಂಬಿರುತ್ತದೆ, ಭೂತಗನ್ನಡಿ ಇದ್ದರೆ ಚೆನ್ನಾಗಿ ಗೊತ್ತಾಗುತ್ತದೆ. ಕೊಂಡಿಯ ಬುಡದಲ್ಲಿ ಬೆಸುಗೆ ಹೊಸದಾಗಿ ಹೊಳೆಯುತ್ತಿದ್ದರೂ ಅನುಮಾನ ಪಡಿ. ನನ್ನದು ಇಷ್ಟೂ ಪರೀಕ್ಷೆಯಲ್ಲಿ ಪಾಸಾಯಿತು, ಅದಕ್ಕೇ ಆ ಹುಣಸೆಹಣ್ಣು ನೆನೆದರೆ ಹೊಟ್ಟೆ ಉರಿಯುತ್ತದೆ.

ಕೊಡಲಿ ಇಲ್ಲ ಅಂತ ಪಕ್ಕಕ್ಕೆ ಸರಿಸುವ ಮುಂಚೆ ಇನ್ನೊಂದು ನೋಟ ಹಾಯಿಸಿ. ಆಸ್ಟ್ರೇಲಿಯಾದ ಫಾರೆಸ್ಟ್ರಿ ಕಂಪನಿಗಳು ತಮ್ಮ ಸೈನ್ಯದ ಎಂದಿನ ಉದಯಿಸುವ ಸೂರ್ಯನನ್ನೇ ಟೋಪಿಗೆ ಸಿಕ್ಕಿಸುತ್ತಿದ್ದವು. ಅಮೆರಿಕದವರದ್ದು ಎಂಜಿನಿಯರ್ ದಳದ ಗುರುತಾದ ಕೋಟೆ, ಕಾಲರ್ ಮೇಲಿನ ದುಂಡನೆ ಬಿಲ್ಲೆಯಲ್ಲಿ. ಕೋಟೆಯ ಜೊತೆ 20 ಎಂದಿದ್ದರೆ ಅದು 20ನೇ ಎಂಜಿನಿಯರ್ಸ್ ಇರಬಹುದು, ಮರ ಕಡಿಯುವವರದೇ ದೊಡ್ಡ ರೆಜಿಮೆಂಟ್. ಅವರಲ್ಲಿ ಕೆಲವರು ಫ್ರಾನ್ಸ್ ತಲುಪಲೇ ಇಲ್ಲ. 1918ರ ಫೆಬ್ರವರಿ 5ರಂದು ಅವರನ್ನು ಹೊತ್ತು ಬರುತ್ತಿದ್ದ ಟಸ್ಕೇನಿಯಾ ಹಡಗನ್ನು ಜರ್ಮನ್ ಸಬ್‌ಮರೀನ್ ಸ್ಕಾಟ್ಲೆಂಡಿನ ಐಲಾ ದ್ವೀಪದ ಹತ್ತಿರ ಮುಳುಗಿಸಿತು.