ಮೀಟರ್ ಆಮೇಲೆ ನೋಡಿ, ಮೊದಲು ಗಾಡಿಯ ಅಡಿ ನೋಡಿ: ಸೆಕೆಂಡ್ ಹ್ಯಾಂಡ್ ಬ್ರೆಝಾ ಕೊಂಡ ನನ್ನ ಅನುಭವ

ನಮ್ಮದು ಸಾಗರದ ಕಡೆ. ತೋಟದ ಮನೆಗೆ ಹೋಗುವ ಮಣ್ಣು ರಸ್ತೆಯಲ್ಲಿ ಮಳೆಗಾಲ ಬಂದರೆ ಹಳೇ ಕಾರಿನ ಅಡಿ ಉಜ್ಜುತ್ತಿತ್ತು. ಹೊಸ ಎಸ್‌ಯುವಿಗೆ ಅಷ್ಟೊಂದು ದುಡ್ಡು ಸುರಿಯುವ ಮನಸ್ಸಿರಲಿಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ಮಾರುತಿ ವಿಟಾರಾ ಬ್ರೆಝಾ, ಅದೂ ಡೀಸೆಲ್ಲೇ ಬೇಕು ಅಂತ ಹುಡುಕಲು ಶುರು ಮಾಡಿದೆ.

ಡೀಸೆಲ್ ಬ್ರೆಝಾ ಸಿಗುವುದು 2016ರಿಂದ 2020ರವರೆಗಿನ ಮಾಡೆಲ್‌ಗಳಲ್ಲಿ ಮಾತ್ರ. ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್6 ನಿಯಮ ಬಂದಾಗ ಮಾರುತಿ ಡೀಸೆಲ್ ನಿಲ್ಲಿಸಿತು. ಅದರಲ್ಲಿರುವುದು ಫಿಯಟ್ ಮೂಲದ 1.3 ಲೀಟರ್ ಎಂಜಿನ್. ಸ್ವಿಫ್ಟ್, ಡಿಜೈರ್‌ಗಳಲ್ಲೂ ಇದೇ ಇತ್ತು. ಹಾಗಾಗಿ ಸಣ್ಣ ಊರಿನ ಮೆಕ್ಯಾನಿಕ್‌ಗೂ ಇದರಲ್ಲಿ ಕೈ ಪಳಗಿದೆ, ಪಾರ್ಟ್ಸ್ ಎಲ್ಲಿ ಬೇಕಾದರೂ ಸಿಗುತ್ತವೆ. ಟೈಮಿಂಗ್ ಬೆಲ್ಟ್ ಬದಲಿಸುವ ಖರ್ಚಿಲ್ಲ, ಒಳಗಿರೋದು ಚೈನ್. ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ಅಡಿಗೂ ಇರುವ ಅಂತರ, 198 ಮಿಲಿಮೀಟರ್. ಫೋರ್ಡ್‌ನ ಇಕೋಸ್ಪೋರ್ಟ್ ಓಡಿಸೋಕೆ ಇನ್ನೂ ಚಂದ, ಆದರೆ ಆ ಕಂಪನಿ ಇಲ್ಲಿ ಕಾರು ತಯಾರಿಸೋದನ್ನೇ ನಿಲ್ಲಿಸಿದೆ. ಹಳ್ಳಿಯಲ್ಲಿದ್ದುಕೊಂಡು ಆ ತಲೆನೋವು ಬೇಡ ಅನ್ನಿಸಿತು.

ಹಳೇ ಗಾಡಿ ಅಂದ ಕೂಡಲೇ ಎಲ್ಲರೂ ಕೇಳೋದು ಒಂದೇ: "ಎಷ್ಟು ಓಡಿದೆ?" ನಾನು ಕೇಳಿದ್ದು ಎಲ್ಲಿ ಓಡಿದೆ ಅಂತ. ಮೀಟರ್ ತಿರುಗಿಸುವವರು ಊರಿಗೊಬ್ಬರಿದ್ದಾರೆ. ಗಾಡಿ ಬದುಕಿದ ಊರಿನ ಗುರುತನ್ನು ಹಾಗೆ ಸುಲಭವಾಗಿ ಅಳಿಸೋಕಾಗಲ್ಲ.

ಬೆಂಗಳೂರಲ್ಲಿ ಒಂದು ಗಾಡಿ ನೋಡಿದೆ. ಮೀಟರ್‌ನಲ್ಲಿ ಕಡಿಮೆ ಕಿಲೋಮೀಟರ್, ರೇಟೂ ಕಡಿಮೆ. ಬಾಗಿಲು ತೆಗೆದರೆ ಸೆಂಟಿನ ವಾಸನೆ ಗಪ್ಪಂತ ಮೂಗಿಗೆ ಹೊಡೆಯಿತು. ಅನುಮಾನ ಬಂದು ಡ್ರೈವರ್ ಕಡೆಯ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದೆ. ಸುರುಳಿಯ ಒಳಗಿದ್ದ ಕೊನೆಯ ಗೇಣಿನಲ್ಲಿ ಒಣಗಿದ ಕೆಸರಿನ ಕಲೆ, ಒಂದೇ ನೇರಕ್ಕೆ. ಸೀಟಿನ ಕೆಳಗೆ ಟಾರ್ಚ್ ಬಿಟ್ಟರೆ ಸೀಟು ಜಾರುವ ಕಂಬಿಯ ಬೋಲ್ಟ್‌ಗಳೆಲ್ಲ ಕೆಂಪು ತುಕ್ಕು. 2022ರ ಸೆಪ್ಟೆಂಬರ್‌ನಲ್ಲಿ ಔಟರ್ ರಿಂಗ್ ರೋಡ್, ಬೆಳ್ಳಂದೂರು ಕಡೆ ನೀರು ನುಗ್ಗಿ ಕಾರುಗಳು ಮುಳುಗಿದ್ದು ನೆನಪಿದೆ ಅಲ್ವಾ? ಇದು ಆಗಿನದ್ದೋ, ಬೇರೆ ಯಾವುದೋ ಮಳೆಯದ್ದೋ ನನಗೆ ಬೇಕಿರಲಿಲ್ಲ. ನೀರು ಕುಡಿದ ವೈರಿಂಗ್ ಇವತ್ತು ಸರಿಯಿದ್ದರೂ ನಾಳೆ ಕೈಕೊಡುತ್ತೆ. ಮಾರುವವರು "ಸರ್, ಇಂಟೀರಿಯರ್ ವಾಶ್ ಮಾಡಿಸಿದ್ವಿ, ಅಷ್ಟೇ" ಅಂದರು. ನಮಸ್ಕಾರ ಹೇಳಿ ಹೊರಟೆ.

ಇನ್ನೊಂದು ಕುಂದಾಪುರ ಕಡೆಯದು. ಮೇಲೆ ನೋಡಿದರೆ ಹೊಸದರ ಹಾಗೆ ಇತ್ತು. ಹತ್ತಿರದ ವಾಟರ್ ಸರ್ವಿಸ್‌ನಲ್ಲಿ ರ‍್ಯಾಂಪ್ ಮೇಲೆ ಏರಿಸಿದಾಗ ನನ್ನ ಜೊತೆ ಬಂದಿದ್ದ ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಿಡಿಯಿಂದ ಅಡಿಯ ತಗಡನ್ನು ತಟ್ಟಿದರು. ಪದರ ಪದರವಾಗಿ ತುಕ್ಕು ಉದುರಿತು. "ಉಪ್ಪಿನ ಗಾಳಿ ಮಾರಾಯ್ರೇ, ಇದಕ್ಕೆ ಪೇಂಟ್ ಹೊಡೆದು ಪ್ರಯೋಜನ ಇಲ್ಲ" ಅಂದರು. ಕರಾವಳಿಯ ಗಾಡಿಗಳೆಲ್ಲ ಹೀಗೇ ಅಂತಲ್ಲ, ಆದರೆ ರ‍್ಯಾಂಪ್ ಮೇಲೆ ಏರಿಸದೆ ಅಲ್ಲಿನ ಗಾಡಿಗೆ ಅಡ್ವಾನ್ಸ್ ಕೊಡಬಾರದು.

ದೆಹಲಿ ಗಾಡಿ ಅಗ್ಗಕ್ಕೆ ಕೊಡಿಸ್ತೀನಿ ಅಂತ ಒಬ್ಬ ಬ್ರೋಕರ್ ಗಂಟುಬಿದ್ದಿದ್ದರು. ಆಗ ಅಲ್ಲಿ 10 ವರ್ಷ ದಾಟಿದ ಡೀಸೆಲ್ ಓಡಿಸುವ ಹಾಗಿರಲಿಲ್ಲ, ಅದಕ್ಕೇ ಅಗ್ಗ ಇತ್ತು. ಇಲ್ಲಿಗೆ ತಂದು ಕೆಎ ನಂಬರ್ ಮಾಡಿಸಲು ಅಲ್ಲಿನ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ನಮ್ಮ ರಾಜ್ಯದ ಲೈಫ್‌ಟೈಮ್ ಟ್ಯಾಕ್ಸ್ ಮತ್ತೆ ಕಟ್ಟಬೇಕು. ಲೆಕ್ಕ ಹಾಕಿದರೆ ಅಗ್ಗ ಎಲ್ಲಿ ಉಳಿಯಿತು?

ಕೊನೆಗೆ ಕೊಂಡದ್ದು ದಾವಣಗೆರೆಯದು, 2018ರ ಗಾಡಿ. ಮೀಟರ್‌ನಲ್ಲಿ 92 ಸಾವಿರ. ಮನೆಯಲ್ಲಿ ಎಲ್ಲರೂ ಜಾಸ್ತಿ ಆಯ್ತು ಅಂದರು. ಮಾಲೀಕರದು ಗೊಬ್ಬರದ ಅಂಗಡಿ. "ಸುಳ್ಳು ಯಾಕೆ ಹೇಳ್ಲಿ ಸರ್, ವಸೂಲಿಗೆ ಅಂತ ಹುಬ್ಬಳ್ಳಿ, ಚಿತ್ರದುರ್ಗ ಓಡಾಡಿದ್ದೇ ಜಾಸ್ತಿ" ಅಂದರು. ಒಣ ಊರು, ಹೈವೇ ಓಟ. ನನಗೆ ಬೇಕಾಗಿದ್ದೂ ಅದೇ. ಆದರೆ ಗೊಬ್ಬರ ಅಂದಾಗ ಕಿವಿ ನೆಟ್ಟಗಾಯಿತು. ಯೂರಿಯಾ ಮೂಟೆ ಹೊತ್ತ ಗಾಡಿಯ ತಗಡು ಬೇಗ ಹಾಳಾಗುತ್ತೆ. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ತೆಗೆಸಿದೆ. ಗುಂಡಿ ಒಣಗಿತ್ತು, ಕಂಪನಿಯ ಪೇಂಟ್ ಹಾಗೇ ಇತ್ತು. ಸ್ಟೆಪ್ನಿ ಟೈರಿನ ಮೇಲೆ 2918 ಅಂತ ಅಚ್ಚು. ಅಂದರೆ 2018ರ 29ನೇ ವಾರ ತಯಾರಾದದ್ದು. ಆರ್‌ಸಿಯಲ್ಲಿ ತಯಾರಿಕೆ 2018ರ ಆಗಸ್ಟ್. ತಾಳೆ ಆಯ್ತು. ಓಡುವ ನಾಲ್ಕು ಟೈರು 2022ರವು, ಎರಡನೇ ಸೆಟ್. 92 ಸಾವಿರಕ್ಕೆ ಇದು ಸರಿಯಾದ ಲೆಕ್ಕ. ಇದೇ ಟೈರಿದ್ದು ಮೀಟರ್ 35 ಸಾವಿರ ತೋರಿಸಿದ್ದರೆ ನಾನು ವಾಪಸ್ ಬಸ್ ಹತ್ತುತ್ತಿದ್ದೆ.

ಹಿಂದಿನ ರಾತ್ರಿಯೇ ಫೋನ್ ಮಾಡಿ "ನಾ ಬರೋವರೆಗೆ ಸ್ಟಾರ್ಟ್ ಮಾಡಬೇಡಿ" ಅಂದಿದ್ದೆ. ತಣ್ಣಗಿದ್ದ ಎಂಜಿನ್ ಒಂದೇ ಸಲಕ್ಕೆ ಹತ್ತಿತು, ನೀಲಿ ಹೊಗೆ ಬರಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ ಕ್ಲಚ್ ಬಿಟ್ಟೆ. ತಕ್ಷಣ ಆಫ್ ಆಯ್ತು. ಆಫ್ ಆಗದೆ ಎಂಜಿನ್ ಸುಮ್ನೆ ತಿರುಗುತ್ತಾ ಇದ್ದರೆ ಕ್ಲಚ್ ಸವೆದಿದೆ ಅಂತ ಅರ್ಥ. ಆಮೇಲೆ ಮಾಲೀಕರ ಜೊತೆಗೇ ಸರ್ವಿಸ್ ಸೆಂಟರ್‌ಗೆ ಹೋಗಿ ಹಳೇ ಸರ್ವಿಸ್ ದಾಖಲೆ ತೆಗೆಸಿದೆ. ಪ್ರತಿ ಸಲದ ಕಿಲೋಮೀಟರ್ ಅದರಲ್ಲಿತ್ತು, ಎಲ್ಲೂ ಹಿಂದೆ ಜಾರಿರಲಿಲ್ಲ.

ಕಾಗದದ ಕೆಲಸ ಬೇಗ ಹೇಳ್ತೀನಿ. ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಸಾಲ ಇದೆಯೋ ಇಲ್ಲವೋ ಗೊತ್ತಾಗುತ್ತೆ. ಇದರ ಮೇಲೆ ಬ್ಯಾಂಕಿನ ಹೆಸರು ಇನ್ನೂ ಇತ್ತು. ಸಾಲ ತೀರಿತ್ತು, ಹೆಸರು ತೆಗೆಸಿರಲಿಲ್ಲ. ಬ್ಯಾಂಕಿನ ಎನ್‌ಒಸಿ, ಆ ಹೆಸರು ತೆಗೆಸುವ ಫಾರಂ 35 ಕೈಗೆ ಬಂದ ಮೇಲೆಯೇ ಪೂರ್ತಿ ದುಡ್ಡು ಕೊಟ್ಟೆ. ಹೆಸರು ವರ್ಗಾವಣೆಗೆ ಫಾರಂ 29 ಮತ್ತು 30. ಹಳೇ ಟ್ರಾಫಿಕ್ ದಂಡ ಮಾಲೀಕರ ಕೈಯಲ್ಲೇ ಕಟ್ಟಿಸಿದೆ, ಫಾಸ್ಟ್ಯಾಗ್ ಕ್ಲೋಸ್ ಮಾಡಿಸಿದೆ. ಇನ್ಶೂರೆನ್ಸ್ ಮಾತ್ರ ಮರೀಬೇಡಿ. 14 ದಿನದೊಳಗೆ ನಿಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಇಲ್ಲದಿದ್ದರೆ ನಿಮ್ಮ ಗಾಡಿಗೆ ಏಟು ಬಿದ್ದಾಗ ಕ್ಲೇಮ್ ಸಿಗೋದು ಕಷ್ಟ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಗಾಡಿಯ ಜೊತೆ ಬರಲ್ಲ, ಅದು ಹಳೇ ಮಾಲೀಕರದು. ಆ ವ್ಯತ್ಯಾಸದ ಹಣ ನಾನೇ ಕಟ್ಟಿದೆ.

ಮನೆಗೆ ತಂದ ಮೇಲೆ ಆಯಿಲ್, ಎಲ್ಲ ಫಿಲ್ಟರ್, ಕೂಲೆಂಟ್, ಬ್ರೇಕ್ ಆಯಿಲ್ ಬದಲಿಸಿದೆ. ಮುಂಭಾಗದ ಸಸ್ಪೆನ್ಷನ್ ಬುಷ್ ಹೋಗಿದ್ದವು, ಅದರ ಖರ್ಚನ್ನು ಚೌಕಾಸಿಯಲ್ಲೇ ಕಳೆದಿದ್ದೆ. ಮಳೆ ಹಿಡಿಯುವ ಮೊದಲು ಅಡಿಗೆ ತುಕ್ಕು ತಡೆಯುವ ಕೋಟಿಂಗ್ ಹೊಡೆಸಿದೆ. "ಮೇಲಕ್ಕೆ ಸೆರಾಮಿಕ್ ಕೋಟಿಂಗೂ ಮಾಡ್ಸಿ, ಫಳಫಳ ಅನ್ನುತ್ತೆ" ಅಂತ ಅಲ್ಲಿಯವರು ಅಂದರು. ತೋಟದ ದಾರಿ ಉದ್ದಕ್ಕೂ ಲಂಟಾನದ ಪೊದೆ, ದಿನಾ ಗೀರುತ್ತೆ. ಬೇಡ ಅಂದೆ.